ಮಸಿಯನ್ನಲ್ಲ, ಮುಂದಿನ ವರ್ಷದ ಎಲೆಯನ್ನು ಅಳೆದೆ: ತಾಳವಾಡಿ ಕಡೆಯ ಸುಟ್ಟ ಕಾಡಿನ ಲೆಕ್ಕ

ಬೆಂಕಿ ಆರಿದ ವಾರದ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಳ್ಳುವುದು, ಮುಂಚಿನದರಿಂದ ಕಳೆಯುವುದು, ಕೆಂಪು ಬಂದಲ್ಲೆಲ್ಲ ‘ತೀವ್ರ ಹಾನಿ’ ಎಂದು ಬರೆಯುವುದು ನಮ್ಮವರ ರೂಢಿ. ತಮಿಳುನಾಡಿನ ತಾಳವಾಡಿ, ಹಾಸನೂರು, ಗೇರ್ಮಾಳದ ಕಾಡಿಗೆ ಅದು ಒಗ್ಗುವುದಿಲ್ಲ ಎಂದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಜನವರಿವರೆಗೆ ಕಾಯೋಣ ಎಂದೆ. “ಮಳೆ ಬಂದು ಹಸಿರಾದ ಮೇಲೆ ಏನು ಅಳೀತೀಯಪ್ಪ?” ಎಂದರು. ಈಗ ನೆಲದ ಲೆಕ್ಕವೂ ಕೈಗೆ ಬಂದಿದೆ.

ಸತ್ಯಮಂಗಲದ ಈ ಭಾಗ ಎಲೆ ಉದುರಿಸುವ ಕಾಡು. ಫೆಬ್ರುವರಿ, ಮಾರ್ಚ್‌ನಲ್ಲಿ ದಿಂಡಿಗ, ಮತ್ತಿ, ತೇಗ ಬೋಳಾಗಿರುತ್ತವೆ. ಮೇಲೆ ಮರೆಯಿಲ್ಲ, ಉಪಗ್ರಹಕ್ಕೆ ನೆಲದ ಮಸಿ ನೇರ ಕಾಣುತ್ತದೆ. ಮೊಣಕಾಲೆತ್ತರದ ಬೆಂಕಿ ಹಾದಿದ್ದರೂ ಡಿಎನ್‌ಬಿಆರ್ (ಬೆಂಕಿಯ ಹಿಂದು ಮುಂದಿನ ಚಿತ್ರಗಳ ವ್ಯತ್ಯಾಸದಿಂದ ಹಾನಿ ಅಳೆಯುವ ಅಂಕಿ) 0.44 ದಾಟುತ್ತದೆ, ಮರಕ್ಕೆ ಮಾತ್ರ ಏನೂ ಆಗಿರುವುದಿಲ್ಲ. ಬೆಂಕಿಯೇ ಬೀಳದ ಕಡೆ ಬರೀ ಎಲೆ ಉದುರಿದ್ದಕ್ಕೆ ‘ಸುಟ್ಟಿದೆ’ ಎನ್ನುವ 0.1 ದಾಟಿದ್ದನ್ನೂ ನೋಡಿದ್ದೇನೆ. ಹಾನಿಯ ಮಟ್ಟ ಬೇರ್ಪಡಿಸಲು ನಾವೆಲ್ಲ ಹಾಕುವ 0.27, 0.44, 0.66ರ ಗೆರೆಗಳು ಅಮೆರಿಕದ ಸೂಚಿಪರ್ಣ ಕಾಡುಗಳಲ್ಲಿ ಹುಟ್ಟಿದವು.

ಹಣ ಹೋದದ್ದು ಬೇರೆ ಕಡೆ. ಕೆಲಸ ಕೊಟ್ಟವರು ಹೆಚ್ಚು ಸ್ಪಷ್ಟವಾದ ಚಿತ್ರವೇ ಬೇಕೆಂದು ಹಟ ಹಿಡಿದು ಲಕ್ಷದ ಹತ್ತಿರ ಸುರಿದರು. ಬಂದದ್ದು ಬೆಳಕಿನ ನಾಲ್ಕೇ ಪಟ್ಟಿ (ಬ್ಯಾಂಡ್), ಶಾರ್ಟ್‌ವೇವ್ ಇನ್ಫ್ರಾರೆಡ್ (ಸುಟ್ಟ ಜಾಗವನ್ನು ಬೇರ್ಪಡಿಸಿ ತೋರಿಸುವ, ಕಣ್ಣಿಗೆ ಕಾಣದ ಬೆಳಕು) ಇಲ್ಲವೇ ಇಲ್ಲ. ಮರದ ನೆರಳೂ ಮಸಿಯೂ ಒಂದೇ ಕಪ್ಪು. ನಮ್ಮ ದೇಶದ ಉಪಗ್ರಹ ಕ್ಯಾಮೆರಾ ಲಿಸ್-4 ಕೂಡ 5.8 ಮೀಟರ್ ಕೊಡುತ್ತದೆ, ಆ ಬ್ಯಾಂಡ್ ಕೊಡುವುದಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಪುಕ್ಕಟೆ ಸಿಗುವ ಸೆಂಟಿನೆಲ್-2ರ 20 ಮೀಟರಿನ 8ಎ ಮತ್ತು 12ನೇ ಬ್ಯಾಂಡ್.

ಬೆಂಕಿಗೆ ಮುಂಚಿನ ಜನವರಿ, ಬೆಂಕಿಯ ನಂತರದ ಜನವರಿ, ಎರಡನ್ನೇ ಹೋಲಿಸಿದೆ. ಹಿಂಗಾರು ಮುಗಿದು ಆಕಾಶ ತಿಳಿಯಾಗಿರುತ್ತದೆ, ಮರದಲ್ಲಿ ಇನ್ನೂ ಎಲೆ ಇರುತ್ತದೆ. ತಾರೀಖು ಹತ್ತಿರ ಹತ್ತಿರ ಇಟ್ಟರೆ ದಿಂಬಂ ಇಳಿಜಾರಿನ ನೆರಳೂ ಎರಡರಲ್ಲಿ ಒಂದೇ ಜಾಗದಲ್ಲಿ ಬೀಳುತ್ತದೆ. ಎರಡು ವರ್ಷದ ಮಳೆ ಒಂದೇ ಸಮ ಇರುವುದಿಲ್ಲವಲ್ಲ, ಅದಕ್ಕೆ ಬೆಂಕಿರೇಖೆಯ ಆಚೆ ಸುಡದೆ ಉಳಿದ ಅದೇ ಜಾತಿಯ ಕಾಡಿನ ವ್ಯತ್ಯಾಸ ತೆಗೆದು ಕಳೆದೆ. ಉಪಗ್ರಹ ಚಿತ್ರಗಳ ಲೆಕ್ಕ ಮಾಡುವ ಗೂಗಲ್ ಅರ್ತ್ ಎಂಜಿನ್‌ನಲ್ಲಿ ಹಾರ್ಮೊನೈಸ್ಡ್ (ಹಳೆಯ, ಹೊಸ ಅಂಕಿಗಳನ್ನು ಸರಿಹೊಂದಿಸಿದ) ಸಂಗ್ರಹವನ್ನೇ ಬಳಸಿ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಅಂಕಿಗಳಿಗೆ 1000 ಕೂಡಿಸಿ ಕೊಡುತ್ತಿದ್ದಾರೆ, ಗಮನಿಸದಿದ್ದರೆ ಇಲ್ಲದ ಹಾನಿ ಹುಟ್ಟುತ್ತದೆ.

ನಿಜವಾದ ತಲೆನೋವು ಲಂಟಾನ. ಸುಟ್ಟರೂ ಬುಡದಿಂದ ಚಿಗುರಿ ಹಬ್ಬುತ್ತದೆ. ಮೇಲೆ ಮರ ಸತ್ತು ನಿಂತಿದ್ದರೂ ಹಸಿರನ್ನು ಅಳೆಯುವ ಅಂಕಿಯಾದ ಎನ್‌ಡಿವಿಐ ‘ಕಾಡು ಚೇತರಿಸಿತು’ ಎನ್ನುತ್ತದೆ. ಅದರ ಹಸಿರನ್ನು ಮರದ ಹಸಿರಿನಿಂದ ಬೇರ್ಪಡಿಸಿದ ಬಗೆಯನ್ನು ಇಲ್ಲಿ ಪೂರ್ತಿ ಬಿಡಿಸುವುದಿಲ್ಲ. ಎಷ್ಟು ಹಸಿರು ಎನ್ನುವುದಕ್ಕಿಂತ ಯಾವಾಗ ಹಸಿರಾಯಿತು ಎಂದು ಏಪ್ರಿಲ್, ಮೇ ಚಿತ್ರಗಳಲ್ಲಿ ನೋಡಿ, ದಾರಿ ಸಿಗುತ್ತದೆ.

ನೆಲದ ಕೆಲಸಕ್ಕೆ ಅನುಮತಿ, ಜೀಪು, ಕೂಲಿ, ಊಟ ಸೇರಿ ನಲವತ್ತು ಸಾವಿರದಷ್ಟಾಯಿತು. ಜೊತೆಗೆ ಬಂದ ಸೋಲಿಗರ ಅಜ್ಜ ಕತ್ತಿಯಿಂದ ತೊಗಟೆ ಕೆತ್ತಿ, ಒಳಗೆ ಹಸಿ ಇದೆಯೇ ಎಂದು ತೋರಿಸುತ್ತ ಬಂದರು. “ತರಗಿನ ಬೆಂಕಿ ಮರಕ್ಕೆ ಏನೂ ಮಾಡಲ್ಲ ಕಣಪ್ಪ, ಲಂಟಾನ ಹತ್ಕಂಡ್ರೆ ಮರನೂ ಹೋಯ್ತದೆ.” ನನ್ನ ನಕ್ಷೆಯೂ ಅದನ್ನೇ ಹೇಳುತ್ತಿತ್ತು. ಬೆಂಕಿಯ ವಾರದ ನಕ್ಷೆ ಅರ್ಧಕ್ಕಿಂತ ಹೆಚ್ಚು ಜಾಗವನ್ನು ತೀವ್ರ ಎಂದಿತ್ತು, ನನ್ನದರಲ್ಲಿ ಹತ್ತರಲ್ಲೊಂದು ಪಾಲು, ಬಹುಪಾಲು ಲಂಟಾನದ ಪೊದೆಗಳಲ್ಲೇ. ಐದು ಜಾಗದಲ್ಲಿ ನಾಲ್ಕು ಕಡೆ ನೆಲಕ್ಕೂ ನಕ್ಷೆಗೂ ತಾಳೆಯಾಯಿತು. ಈ ಕಾಡಿಗೆ ಇದಕ್ಕಿಂತ ಒಳ್ಳೆಯ ತಾಳೆಯನ್ನು ನಾನಂತೂ ಕಂಡಿಲ್ಲ. ‘ಹಾನಿ ಕಡಿಮೆ ತೋರಿಸುತ್ತಾನೆ’ ಎಂದವರಿಗೆ ಉತ್ತರ ಇಷ್ಟೆ: ಗಿಡ ನೆಡುವ ದುಡ್ಡು ಬದುಕಿರುವ ಮರದ ಕೆಳಗೆ ಹೋಗಬಾರದು. ಆದರೆ ಮರದಡಿಯ ಸಸಿಗಳು ಸತ್ತದ್ದು ಈ ನಕ್ಷೆಯಲ್ಲಿ ಬರುವುದಿಲ್ಲ, ಅದಕ್ಕೆ ನಡೆದೇ ನೋಡಬೇಕು.

ನಡುವೆ ಸೆಂಟಿನೆಲ್-1 ರೇಡಾರ್ ಹಿಡಿದು ಕೂತೆ. ಒಂದು ಬೇಸಿಗೆ ಮಳೆಗೆ ನೆಲ ನೆನೆದು ಅಂಕಿಯೆಲ್ಲ ಕದಡಿತು, ಬಿಟ್ಟೆ. ಕಾಸರಗೋಡಿನ ರಾಣಿಪುರದ ಹುಲ್ಲುಬೆಟ್ಟಕ್ಕೂ ಜನವರಿಯ ಲೆಕ್ಕ ಹಾಕಿದೆ. ಮಳೆಗೆ ಹುಲ್ಲು ಎದ್ದುಬಿಡುತ್ತದೆ, ಸುಟ್ಟ ಗುರುತೇ ಉಳಿಯುವುದಿಲ್ಲ. ಅಲ್ಲಿಗೆ ಬೆಂಕಿಯ ವಾರದ ಚಿತ್ರವೇ ಬೇಕು.

ಗಡಿಯಾಚೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆ ಕೆಲಸ ಮಾಡುವವರು ಸುಟ್ಟ ಜಾಗದ ಗಡಿರೇಖೆಯ ಜೊತೆಗೆ ತೊಗಟೆ ಕೆತ್ತಿ ಎಣಿಸಿದ ಲೆಕ್ಕವನ್ನೂ ಕೊಟ್ಟರೆ, ನಾನೇ ಈ ಲೆಕ್ಕ ಓಡಿಸಿ ನಕ್ಷೆ ಮಾಡಿಕೊಡುತ್ತೇನೆ.