ನಾಮಪತ್ರಕ್ಕೂ ಮುಂಚೆ ಒಂದು ಹಾಳೆ

ಪಂಚಾಯಿತಿ ಚುನಾವಣೆಗೆ ನಿಲ್ಲಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಖರ್ಚು ಎಷ್ಟು ಅಂತ ಕೇಳುತ್ತಾರೆ. ಸಕಲೇಶಪುರದ ಕಡೆಯ ಒಂದು ಪಂಚಾಯಿತಿಯಲ್ಲಿ ನಾನು 5 ವರ್ಷ ಸದಸ್ಯೆಯಾಗಿದ್ದೆ. ಖರ್ಚಿನ ಮಾತು ಆಮೇಲೆ, ಮೊದಲು ಒಂದು ಹಾಳೆ ತೆಗೆದುಕೊಳ್ಳಿ.

ಏನೇ ಆದರೂ ನಿಮಗೆ ಬಿಡಲಾಗದ್ದು ಯಾವುದು ಅಂತ ಬರೆಯಿರಿ. ಶಾಲೋಮ್ ಶ್ವಾರ್ಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ಮನುಷ್ಯರ ಮೌಲ್ಯಗಳನ್ನು 10 ಬಗೆ ಮಾಡಿದರು. ಅಧಿಕಾರ, ಸಾಧನೆ, ಸಂಪ್ರದಾಯ, ನಮ್ಮವರ ಒಳಿತು, ಎಲ್ಲರ ಒಳಿತು, ಸ್ವಂತ ಬುದ್ಧಿಯಂತೆ ನಡೆಯುವುದು, ಹೀಗೆ. ಇವುಗಳಲ್ಲಿ ಕೆಲವು ಒಂದನ್ನೊಂದು ಎಳೆದಾಡುತ್ತವೆ ಅಂತಲೂ ಹೇಳಿದರು. ಹಾಗಾಗಿ ಮೂರಕ್ಕಿಂತ ಜಾಸ್ತಿ ಬರೆಯಬೇಡಿ.

ಈಗ ಆ ಮೂರನ್ನು ಸರ್ಕಾರಿ ಮನೆ ಹಂಚುವ ಪಟ್ಟಿಯ ಮುಂದೆ ಇಟ್ಟು ನೋಡಿ. ನಮ್ಮ ವಾರ್ಡಿಗೆ ಬಂದದ್ದು 3 ಮನೆ, ಕೇಳಿದವರು 20 ಜನ. ಯಾರ ಮನಸ್ಸೂ ನೋಯಬಾರದು ಅನ್ನುವುದು ನನ್ನ ಸ್ವಭಾವ. ಬಂದವರಿಗೆಲ್ಲ "ನೋಡೋಣ" ಅಂದೆ. ಗ್ರಾಮಸಭೆಯಲ್ಲಿ ಪಟ್ಟಿ ಓದಿದಾಗ 17 ಮನೆಯವರು ನನ್ನ ಮುಖ ನೋಡಿದರು. ಆ ನೋಟ ಇನ್ನೂ ಮರೆತಿಲ್ಲ. ಪಕ್ಕದ ವಾರ್ಡಿನ ಸದಸ್ಯರು ಮಾತ್ರ ಮಳೆಗಾಲಕ್ಕೂ ಮುಂಚೆಯೇ ಹೇಳಿಬಿಟ್ಟಿದ್ದರು: ಟಾರ್ಪಾಲು ಹೊದಿಸಿದ ಮನೆಗಳು ಮೊದಲು, ಉಳಿದವರು ಆಮೇಲೆ. ಆಗ ಬೈಸಿಕೊಂಡರು. ಮುಂದಿನ ಚುನಾವಣೆಯಲ್ಲಿ ಅವರು ಗೆದ್ದರು, ನಾನು ಸೋತೆ.

ಆಮೇಲೆ ನಿಮಗೆ ಯಾವ ಮೆಟ್ಟಿಲು ಸರಿ ಅಂತ ಯೋಚಿಸಿ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಜನ ಮುಖ ನೋಡಿ ಓಟು ಹಾಕುತ್ತಾರೆ. ರಾತ್ರಿ ಆಸ್ಪತ್ರೆಗೆ ಜೊತೆಗೆ ಬರುವವರು ಇಲ್ಲಿ ಗೆಲ್ಲುತ್ತಾರೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಪಕ್ಷದ ಚಿಹ್ನೆ ಇದೆ, ಹೆಚ್ಚಿನವರು ಪಕ್ಷದ ಟಿಕೆಟ್ ಹಿಡಿದೇ ನಿಲ್ಲುತ್ತಾರೆ. ಅಲ್ಲಿ ನಾಯಕರ ಮಾತಿಗೆ ತಗ್ಗಿ ನಡೆಯುವ ತಾಳ್ಮೆ ಬೇಕು. ಸ್ವಂತ ಬುದ್ಧಿಯೇ ದೊಡ್ಡದು ಅಂತ ಬರೆದವರಿಗೆ ಅದು ಕಷ್ಟ. ನಮ್ಮ ಜಿಲ್ಲೆಯ ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ವಿಧಾನಸಭೆಗೆ ಪಕ್ಷೇತರರಾಗಿಯೇ ಗೆದ್ದರು, ನಿಜ. ಆದರೆ 1996ರಲ್ಲಿ ಪ್ರಧಾನಿಯಾದದ್ದು ಹಲವು ಪಕ್ಷಗಳನ್ನು ಜೊತೆಗಿಟ್ಟುಕೊಂಡು.

ಕೊನೆಗೆ ಹಾಳೆಯನ್ನು ಮನೆಯಲ್ಲಿ ನೇರವಾಗಿ ಮಾತಾಡುವ ಒಬ್ಬರಿಗೆ ತೋರಿಸಿ. ನಾನು ನಮ್ಮ ಅತ್ತೆಗೆ ಓದಿ ಹೇಳಿದೆ. "ಯಾರಿಗೂ ನೋವಾಗಬಾರದು ಅಂತಿದೆಯಲ್ಲ, ಅದನ್ನ ತೆಗಿ ಮೊದ್ಲು" ಅಂದರು. ತೆಗೆದೆ. ಮತ್ತೆ ನಿಲ್ಲುತ್ತಿದ್ದೇನೆ. ಮನೆ ಯಾರಿಗೆ ಮೊದಲು ಅನ್ನುವುದನ್ನು ಈ ಸಲ ಓಟು ಕೇಳಲು ಹೋದಾಗಲೇ ಹೇಳುತ್ತೇನೆ.