ಸೆಪ್ಟಿಕ್ ಶಾಕ್: ಔಷಧಿಯ ಜೊತೆಗೆ ನಾವು ಮಾಡಬೇಕಾದದ್ದು

ನಾನು ಹುಬ್ಬಳ್ಳಿಯಲ್ಲಿ ಐಸಿಯು ನರ್ಸ್. ಸೋಂಕು ವಿಪರೀತವಾಗಿ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುವುದೇ ಸೆಪ್ಟಿಕ್ ಶಾಕ್. ಹೊಸದಾಗಿ ಬಂದವರಿಗೆ ಮೊದಲು ಹೇಳುವುದು ಇದನ್ನೇ: ಮಾನಿಟರ್ ಒಂದನ್ನೇ ನಂಬಬೇಡಿ, ಬೆರಳು ನೋಡಿ. ಬೆರಳ ತುದಿಯನ್ನು ಗಾಜಿನ ಸ್ಲೈಡ್‌ನಿಂದ ಬಿಳಿಚುವಷ್ಟು ಒತ್ತಿ, 10 ಸೆಕೆಂಡ್ ಹಿಡಿದು ಬಿಡಿ. ಬಣ್ಣ ಮರಳಲು 3 ಸೆಕೆಂಡ್‌ಗಿಂತ ಜಾಸ್ತಿ ಬೇಕಾದರೆ ಅಂಗಗಳಿಗೆ ರಕ್ತ ಸಾಲುತ್ತಿಲ್ಲವೇನೋ ಎಂದು ಡಾಕ್ಟರಿಗೆ ತಿಳಿಸಿ. ಶುರುವಿನಲ್ಲಿ ಅರ್ಧ ತಾಸಿಗೊಮ್ಮೆ ನೋಡಿ.

ಸಲೈನ್ ಸುಮ್ನೆ ಏರಿಸುತ್ತಾ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇನ್ನೂ ಸಲೈನ್ ಬೇಕಾ ಎಂದು ತಿಳಿಯಲು, ಡಾಕ್ಟರ್ ಎಕೋ (ಹೃದಯದ ಸ್ಕ್ಯಾನ್) ಹಿಡಿದಿರುವಾಗ ಮಂಚದ ತಲೆಭಾಗ ಇಳಿಸಿ, ಕಾಲನ್ನು 45 ಡಿಗ್ರಿ ಎತ್ತಿ; ಕಾಲಿನ ರಕ್ತ ಹೃದಯಕ್ಕೆ ಬಂದು ಸಲೈನ್ ಕೊಟ್ಟಂತೆಯೇ ಆಗುತ್ತದೆ. ಒಂದು ನಿಮಿಷದೊಳಗೆ ಹೃದಯ ಪಂಪ್ ಮಾಡುವ ರಕ್ತ ಹೆಚ್ಚದಿದ್ದರೆ ಇನ್ನಷ್ಟು ಸಲೈನ್‌ನಿಂದ ಲಾಭ ಕಡಿಮೆ. ಆಮೇಲೆ ತಲೆಭಾಗ ಮತ್ತೆ 30 ಡಿಗ್ರಿಗೆ ಏರಿಸಲು ಮರೆಯಬೇಡಿ.

ಕೀವು ತುಂಬಿದ್ದರೆ ಬೇಗ ತೆಗೆಯಲೇಬೇಕು, ಸೋಂಕಿನ ಮೂಲ ಅದೇ ಅಲ್ವಾ? ಮೂತ್ರ ತಾಸಿಗೊಮ್ಮೆ ಅಳೆಯಿರಿ. 60 ಕೆಜಿ ರೋಗಿಗೆ ತಾಸಿಗೆ 30 ಎಂಎಲ್‌ಗಿಂತ ಕಡಿಮೆ ಬಂದರೆ ತಕ್ಷಣ ಹೇಳಿ.