ಪಂಕ್ಚರ್ ಸಲ್ಯೂಷನ್, ಮಕಮಲ್ಲು ಮತ್ತು ನನ್ನ ಮಾಮಿಯಾ ಆರ್‌ಬಿ 67

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಕಸುಬಿನವರು ಮೊದಲು ಕೇಳುವುದೇ ಅದನ್ನು. ಹುಬ್ಬಳ್ಳಿಯಲ್ಲಿ ಬಾಗಿಲು ಮುಚ್ಚಿದ ಒಂದು ಸ್ಟುಡಿಯೋದಿಂದ ಮಾಮಿಯಾ ಆರ್‌ಬಿ 67 ಪ್ರೊ-ಎಸ್ ಎಂಬ ಹಳೆಯ ಫಿಲ್ಮ್ ಕ್ಯಾಮೆರಾದ ಬಾಡಿ, 127 ಮತ್ತು 180 ಮಿ.ಮೀ. ಲೆನ್ಸ್‌ಗಳು, ಎರಡು ಬ್ಯಾಕ್ (ಫಿಲ್ಮ್ ಹಾಕಿ ಹಿಂದೆ ಸಿಕ್ಕಿಸುವ ಡಬ್ಬಿ), ಎಲ್ಲ ಸೇರಿಸಿ 14,000 ರೂಪಾಯಿಗೆ ತಂದೆ. ರಿಪೇರಿ ಸಾಮಾನಿಗೆ ಮೂರು ಸಾವಿರದಷ್ಟು ಹೋಯಿತು. ಕಲಿಯುವಾಗ ಹಾಳಾದದ್ದು ಹನ್ನೊಂದೋ ಹನ್ನೆರಡೋ ರೋಲು. 120 ಅಳತೆಯ ಒಂದು ಫಿಲ್ಮ್ ರೋಲಿಗೆ ಸಾವಿರದ ಆಸುಪಾಸು ಹಿಡಿದರೆ ಅಲ್ಲಿಗೆ ಇನ್ನೊಂದು ಕ್ಯಾಮೆರಾದ ಬೆಲೆ. ಮೂವತ್ತು ಸಾವಿರದ ಹತ್ತಿರ ಸುರಿದ ಮೇಲೆ ಈಗ ಅದರಲ್ಲಿ ತಿಂಗಳಿಗೆ ಐದಾರು ಭಾವಚಿತ್ರ ತೆಗೆಯುತ್ತೇನೆ. ಒಂದಕ್ಕೆ 2,500, ನಾನೇ ತೊಳೆದು ಎನ್‌ಲಾರ್ಜರಿನಲ್ಲಿ ಮಾಡಿದ 10×12 ಇಂಚಿನ ಪ್ರಿಂಟ್ ಸಮೇತ. ಹಾಕಿದ ದುಡ್ಡು ಕಳೆದ ದೀಪಾವಳಿಗೇ ವಾಪಸಾಯಿತು.

ದಾವಣಗೆರೆಯಲ್ಲಿ ನಮ್ಮ ಛಾಯಾಗ್ರಾಹಕರ ಸಂಘದ ಸಭೆಗೆ ಇದನ್ನು ಮೊದಲ ಸಲ ಹೊತ್ತುಕೊಂಡು ಹೋದ ದಿನ ಚೆನ್ನಾಗಿ ನೆನಪಿದೆ. "ಅಣ್ಣಾ, ಶೋಕೇಸಿನಲ್ಲಿಡಿ, ಅಂಗಡಿಗೆ ಕಳೆ ಬರುತ್ತದೆ" ಎಂದ ಒಬ್ಬ ಹುಡುಗ. ಅವನ ಮಾತು ತಾಗಲಿಲ್ಲ. ತಾಗಿದ್ದು ಮೂವತ್ತು ವರ್ಷ ಡಾರ್ಕ್ ರೂಮಿನಲ್ಲಿ ಕೈ ತೋಯಿಸಿದ ಹಿರಿಯರೊಬ್ಬರ ಮಾತು: "ನಮ್ಮ ಊರಿನ ಏಪ್ರಿಲ್ಲಿನಲ್ಲಿ ಎ.ಸಿ. ಇಲ್ಲದೆ ಫಿಲ್ಮ್ ತೊಳೆಯುತ್ತೀಯಾ? ಫಿಲ್ಮಿನ ಮೇಲಿನ ಪದರ, ಎಮಲ್ಷನ್ನು, ಹಪ್ಪಳದ ಹಾಗೆ ಎದ್ದು ಬರುತ್ತದೆ, ನೋಡುತ್ತಿರು." ಅವರು ಅನುಭವದಿಂದಲೇ ಹೇಳಿದ್ದರು. ಅದಕ್ಕೇ ಅದು ಎರಡು ವರ್ಷ ಕಿವಿಯಲ್ಲಿ ಉಳಿಯಿತು.

ಅಪ್ಪ ಯಾಶಿಕಾ 635 ಕ್ಯಾಮೆರಾದಲ್ಲಿ ದುಡಿದವರು. ಆರ್‌ಬಿ ಎಂದರೆ ಅವರಿಗೆ ಬೆಂಗಳೂರಿನ ದೊಡ್ಡ ಸ್ಟುಡಿಯೋದವರ ಸೊತ್ತು. 1970ರಲ್ಲಿ ಬಂದ ಕ್ಯಾಮೆರಾ, ನನ್ನ ಪ್ರೊ-ಎಸ್ ಮಾದರಿ 1974ರದ್ದು. ಬ್ಯಾಟರಿ ಎಂಬುದೇ ಇಲ್ಲ. ಲೆನ್ಸ್ ಹಾಕಿದರೆ ಎರಡೂವರೆ ಕೆ.ಜಿ. ದಾಟುತ್ತದೆ. ಅಡ್ಡ ಫೋಟೋದಿಂದ ಉದ್ದ ಫೋಟೋಗೆ ಹೋಗಲು ಕ್ಯಾಮೆರಾವನ್ನು ಮಲಗಿಸಬೇಕಿಲ್ಲ, ಬ್ಯಾಕನ್ನು ತಿರುಗಿಸಿದರೆ ಸಾಕು. ಆರ್‌ಬಿ ಎಂಬ ಹೆಸರು ಬಂದದ್ದೇ ಆ ತಿರುಗುವ ಬ್ಯಾಕಿನಿಂದ. ಆ ಬ್ಯಾಕು ಕಾಲು ಸುತ್ತು ತಿರುಗಿ ಕಟ್ ಎಂದು ಕೂರುವುದನ್ನು ಕೈಯಲ್ಲಿ ಅನುಭವಿಸಿದವನಿಗೆ ಬೇರೆ ವಿವರಣೆ ಬೇಡ.

ಮೊದಲ ರೋಲು ತೊಳೆದಾಗ ಹತ್ತರಲ್ಲಿ ಏಳು ಫ್ರೇಮಿನ ಅಂಚಿನಲ್ಲಿ ಬೆಳಕು ಸೋರಿದ ಗೆರೆ. ಇದು ಬೆಳಕು ಒಳಬರದಂತೆ ತಡೆಯುವ ಸೀಲಿನ ದೋಷ ಎಂದು ಯಾರು ಬೇಕಾದರೂ ಹೇಳುತ್ತಾರೆ. ಆ ಕಾಲದ ಯಾವ ಕ್ಯಾಮೆರಾ ತೆರೆದರೂ ಒಳಗಿನ ಫೋಮು ಐವತ್ತು ವರ್ಷಕ್ಕೆ ಡಾಂಬರಾಗಿರುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಿದಿರು ಕಡ್ಡಿಯಿಂದ ಕೆರೆದು ತೆಗೆಯಲು ಎರಡು ರಾತ್ರಿ ಹಿಡಿಯಿತು. ವಿದೇಶದಿಂದ ಸೀಲಿನ ಕಿಟ್ ತರಿಸಿದರೆ ಸುಂಕ ಸೇರಿ ಎರಡು ಸಾವಿರ ದಾಟುತ್ತಿತ್ತು. ನಾನು ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಕಪ್ಪು ಫೋಮ್ ಹಾಳೆ ತಂದು ಕತ್ತರಿಸಿ ಅಂಟಿಸಿದೆ. ಅದು ಮೂರು ಮಿ.ಮೀ. ದಪ್ಪ. ಬ್ಯಾಕು ಕೂರಲೂ ಇಲ್ಲ, ತಿರುಗಲೂ ಇಲ್ಲ. ಎಲ್ಲವನ್ನೂ ಕಿತ್ತೆ. ಕೊನೆಗೆ ಕೈಗೂಡಿದ್ದು ಇದು: ಸಣ್ಣ ಕಾಲುವೆಗಳಿಗೆ ಕಪ್ಪು ಉಣ್ಣೆಯ ದಾರ, ಬ್ಯಾಕು ಕೂರುವ ತಿರುಗುವ ಅಡಾಪ್ಟರಿಗೆ ಕುಪ್ಪಸದ ಅಂಚಿಗೆ ಹೊಲಿಯುವ ಕಪ್ಪು ಮಕಮಲ್ಲು. ಕಾಳಿಕಾದೇವಿ ರಸ್ತೆಯ ಕಡೆ ಒಂದು ಅಂಗಡಿಯಲ್ಲಿ ಅರ್ಧ ಮೀಟರಿಗೆ ನಲವತ್ತೋ ಐವತ್ತೋ ರೂಪಾಯಿ. ಮಕಮಲ್ಲಿನ ಎಳೆ ಬ್ಯಾಕು ಜಾರಿಸುವ ದಿಕ್ಕಿಗೇ ಮಲಗಿರಬೇಕು. ತಿರುವುಮುರುವಾದರೆ ಎಳೆ ಉದುರಿ ಫಿಲ್ಮಿನ ಮೇಲೆ ಬೀಳುತ್ತದೆ.

ಸೀಲು ಸರಿಯಾಯಿತು. ಆದರೂ ಕೆಲವು ಫ್ರೇಮುಗಳ ನಟ್ಟನಡುವೆ ಮಂಜು ಕವಿದಂತೆ ಒಂದು ಮಸುಕು ಬರುತ್ತಲೇ ಇತ್ತು. ಎಲ್ಲ ಫ್ರೇಮಿನಲ್ಲೂ ಅಲ್ಲ. ಇದು ನನ್ನನ್ನು ಮೂರು ತಿಂಗಳು ಸತಾಯಿಸಿತು. ಲೆನ್ಸ್ ಮೇಲೆ ಅನುಮಾನಪಟ್ಟೆ, ಫಿಲ್ಮಿನ ಮೇಲೆ ಅನುಮಾನಪಟ್ಟೆ. ಕೊನೆಗೆ ಒಂದು ರೋಲಿನ ಪ್ರತಿ ಫ್ರೇಮಿಗೂ ಏನು ಮಾಡಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಆಗ ಗುಟ್ಟು ಹೊರಬಿತ್ತು. ಕ್ಲಿಕ್ ಆದ ತಕ್ಷಣ ಲಿವರ್ ಎಳೆದ ಫ್ರೇಮುಗಳೆಲ್ಲ ಶುಭ್ರ. ಕ್ಲಿಕ್ ಮಾಡಿ, "ಅಜ್ಜೀ, ಸ್ವಲ್ಪ ಈ ಕಡೆ ನೋಡಿ" ಎಂದು ಮಾತಾಡುತ್ತ ನಿಂತ ಫ್ರೇಮುಗಳೆಲ್ಲ ಮಸುಕು. ಆರ್‌ಬಿಯಲ್ಲಿ ಕ್ಲಿಕ್ ಆದ ಮೇಲೆ ಫಿಲ್ಮಿಗೆ ಮರೆಯಾಗಿರುವ ಒಳಗಿನ ಕನ್ನಡಿ ತಾನಾಗಿ ಕೆಳಗಿಳಿಯುವುದಿಲ್ಲ, ಲಿವರ್ ಎಳೆಯುವವರೆಗೂ ಮೇಲೆಯೇ ಇರುತ್ತದೆ. ಅಷ್ಟು ಹೊತ್ತೂ ಬೆಲೋಸಿನ (ಲೆನ್ಸಿಗೂ ಬಾಡಿಗೂ ನಡುವೆ ಹಿಗ್ಗಿ ಕುಗ್ಗುವ ಮಡಿಕೆಯ ಚೀಲದ) ಸಣ್ಣ ತೂತಿನಿಂದ ಬಂದ ಬೆಳಕು ನೇರವಾಗಿ ಫಿಲ್ಮಿನ ಮೇಲೆ ಬೀಳುತ್ತಿತ್ತು.

ಲೆನ್ಸ್ ಬಿಚ್ಚಿ, ಬೆಲೋಸನ್ನು ಪೂರ್ತಿ ಹಿಗ್ಗಿಸಿ, ಪುಟ್ಟ ಎಲ್‌ಇಡಿ ಟಾರ್ಚನ್ನು ಒಳಗಿಟ್ಟು, ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ಡಾರ್ಕ್ ರೂಮಿನಲ್ಲಿ ದೀಪ ಆರಿಸಿದೆ. ಹತ್ತು ನಿಮಿಷ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಮಡಿಕೆಯ ಮೂಲೆಗಳಲ್ಲಿ ನಕ್ಷತ್ರದಂತೆ ಐದು ಚುಕ್ಕಿ ಕಂಡವು. ಆ ಐದು ಚುಕ್ಕಿಗಳನ್ನು ನೋಡಿ ಆದಷ್ಟು ಸಂತೋಷ ನನಗೆ ಯಾವ ಮದುವೆಯ ಆರ್ಡರ್ ಸಿಕ್ಕಾಗಲೂ ಆಗಿಲ್ಲ.

ಕಪ್ಪು ಉಗುರು ಬಣ್ಣ ಹಚ್ಚಿದೆ. ನಾಲ್ಕು ಸಲ ಹಿಗ್ಗಿಸಿ ಕುಗ್ಗಿಸುವಷ್ಟರಲ್ಲಿ ಬಿರುಕು ಬಿಟ್ಟಿತು. ಕಪ್ಪು ಟೇಪು ಅಂಟಿಸಿದರೆ ಮಡಿಕೆ ಮುಚ್ಚಿಕೊಳ್ಳುವುದಿಲ್ಲ. ಕಮ್ಮಾರನ ತಿದಿಯಂತೆ ಇದೂ ದಿನಕ್ಕೆ ಹತ್ತಾರು ಸಲ ಹಿಗ್ಗಿ ಕುಗ್ಗುವ ವಸ್ತು, ಹಚ್ಚಿದ್ದು ಅದರ ಜೊತೆ ಬಗ್ಗಬೇಕು. ಹೊಳೆದದ್ದು ಸೈಕಲ್ ಅಂಗಡಿಯಲ್ಲಿ: ಪಂಕ್ಚರ್ ಸಲ್ಯೂಷನ್. ಅದಕ್ಕೆ ಹರಳೆಣ್ಣೆ ದೀಪದ ಕಾಡಿಗೆ ಕಲಸಿ, ಸೂಜಿಯ ತುದಿಯಿಂದ ಒಳಮೈಗೆ ಹಚ್ಚಿ, ಒಣಗಿದ ಮೇಲೆ ಮಡಿಕೆ ಒಂದಕ್ಕೊಂದು ಅಂಟದಂತೆ ಪೌಡರ್ ಸವರಿದೆ. ಎಷ್ಟಕ್ಕೆ ಎಷ್ಟು ಕಾಡಿಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಹದ ಸಿಗಲು ನನಗೆ ಆರು ವಾರ ಬೇಕಾಯಿತು, ಈಗ ಬೇರೆಯವರ ಬೆಲೋಸಿಗೂ ಹಚ್ಚಿ ಎಂಟು ನೂರು ತೆಗೆದುಕೊಳ್ಳುತ್ತಿದ್ದೇನೆ. ನನ್ನದಕ್ಕೆ ಹಚ್ಚಿ ಎರಡು ಬೇಸಿಗೆ ಕಳೆದಿವೆ, ಒಂದು ಚುಕ್ಕಿಯೂ ಮರಳಿಲ್ಲ.

ಲೆನ್ಸಿನೊಳಗೆ ತೆರೆದು ಮುಚ್ಚಿ ಬೆಳಕು ಬಿಡುವ ಷಟರಿನದ್ದು ಬೇರೆಯೇ ಕತೆ. ಒಂದು ಸೆಕೆಂಡ್ ಇಟ್ಟರೆ ಚಳಿಗಾಲದ ಬೆಳಿಗ್ಗೆ ಮೂರು ಸೆಕೆಂಡ್ ಎಳೆಯುತ್ತಿತ್ತು. ಫ್ಲ್ಯಾಷಿನಲ್ಲೇ ತೆಗೆಯುವವರಿಗೆ ಇದು ಲೆಕ್ಕಕ್ಕಿಲ್ಲ. ನನಗೆ ಕಿಟಕಿಯ ಬೆಳಕು ಬೇಕು, ನಾನಿರುವುದೇ 1/4, 1/8 ಸೆಕೆಂಡಿನಲ್ಲಿ. ಬುದ್ಧಿ ಇಲ್ಲದೆ ಲೈಟರ್ ಪೆಟ್ರೋಲ್ ಬಿಟ್ಟೆ. ಒಳಗಿನ ಹಳೆಯ ಜಿಡ್ಡೆಲ್ಲ ಕರಗಿ ಬ್ಲೇಡುಗಳ ಮೇಲೆ ಹರಡಿ, ಷಟರು ಪೂರ್ತಿ ಕಚ್ಚಿಕೊಂಡಿತು. ಆಗ ಹೋದದ್ದು ನಮ್ಮ ಬೀದಿಯ ಗಡಿಯಾರದ ಚಾಚಾ ಹತ್ತಿರ. ಜೀವಮಾನವಿಡೀ ಎಚ್‌ಎಂಟಿ ಗಡಿಯಾರ ಬಿಚ್ಚಿದವರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನಿಧಾನ ವೇಗದ ಗಿಯರುಗಳನ್ನು ನೋಡಿ, "ತಮ್ಮಾ, ಇದು ಗಡಿಯಾರವೇ. ಸುಮ್ಮನೆ ಕ್ಯಾಮೆರಾ ಎಂದು ಹೆದರಿದ್ದೀಯ" ಎಂದರು. ಬ್ಲೇಡುಗಳನ್ನು ಒಣಗಿಸಿಯೇ ಬಿಟ್ಟರು. ಎಣ್ಣೆ ಹಾಕಿದ್ದು ಎರಡೇ ಎರಡು ಅಚ್ಚಿನ ತುದಿಗೆ, ಅದೂ ಕೂದಲೆಳೆಯ ತುದಿಯಲ್ಲಿ ನಿಲ್ಲುವಷ್ಟು. 600 ರೂಪಾಯಿ ಕೊಟ್ಟೆ, 300 ವಾಪಸು ಕೊಟ್ಟರು.

ವೇಗ ಪರೀಕ್ಷೆಗೆ ಯಂತ್ರ ಬೇಡ. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ನಡುವಿನ ಅಂತರ ಅಳೆಯಿರಿ. ಕನ್ನಡಿಯ ಬಡಿತ ಬೆರೆಯದಂತೆ ಮೊದಲೇ ಕನ್ನಡಿ ಎತ್ತಿಟ್ಟು, ಕೇಬಲ್ ರಿಲೀಸನ್ನು ಲೆನ್ಸಿಗೇ ಸಿಕ್ಕಿಸಿ ಒತ್ತಬೇಕು. 1/30ರವರೆಗೆ ಇದನ್ನು ನಂಬಬಹುದು. ಅದಕ್ಕಿಂತ ವೇಗವಾದರೆ ಎರಡು ಸದ್ದು ಕಲೆಸಿಹೋಗುತ್ತವೆ. ನನ್ನ 127ರಲ್ಲಿ ಒಂದು ಸೆಕೆಂಡ್ ಈಗ ಒಂದೂ ಹತ್ತನೇ ಒಂದರಷ್ಟಿದೆ. ನನಗೆ ಅಷ್ಟು ಸಾಕು.

ಇನ್ನು ಆ ಹಿರಿಯರು ಹೇಳಿದ ಹಪ್ಪಳದ ಮಾತು. ಹಣ ಹೋದದ್ದು ಹೆಚ್ಚಾಗಿ ಇಲ್ಲಿಯೇ. ಮೊದಲ ಬೇಸಿಗೆಯಲ್ಲಿ ಪುಸ್ತಕದಂತೆ ನಡೆದೆ. ಟಬ್ಬಿಗೆ ಮಂಜುಗಡ್ಡೆ ಸುರಿದು ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರನ್ನು 20 ಡಿಗ್ರಿಗೆ ತಂದೆ. ಡೆವಲಪ್ ಚೆನ್ನಾಗಿಯೇ ಆಯಿತು. ಆಮೇಲೆ ತೊಳೆದದ್ದು ಮಾಳಿಗೆಯ ಟ್ಯಾಂಕಿನ ನೀರಿನಲ್ಲಿ, ಅದು 34 ಡಿಗ್ರಿ. ನೆಗೆಟಿವ್ ಒಣಗಿದ ಮೇಲೆ ಮಸೂರ ಹಿಡಿದು ನೋಡಿದರೆ ಮುಖದ ತುಂಬ ಒಣಗಿದ ಕೆರೆಯ ತಳದಂತೆ ಬಿರುಕು. ಅದು ಅವಧಿ ಮೀರಿದ ಫಿಲ್ಮು ಎಂದುಕೊಂಡು ಹೊಸದು ತಂದೆ, ಅದೂ ಹಾಗೆಯೇ. ನಾಲ್ಕು ರೋಲು ಹೋದ ಮೇಲೆ ತಿಳಿಯಿತು: ಎಮಲ್ಷನ್ನನ್ನು ಕೊಂದದ್ದು ಬಿಸಿಯಲ್ಲ, ತಣ್ಣಗಿನ ನೀರಿನಿಂದ ಬಿಸಿನೀರಿಗೆ ಹಾರಿದ ಆ ನೆಗೆತ.

ಹಾಗಾಗಿ ತಣ್ಣಗೆ ಮಾಡುವುದನ್ನೇ ಬಿಟ್ಟುಬಿಟ್ಟೆ. ಹಿಂದಿನ ರಾತ್ರಿ ನಾಲ್ಕು ಮಣ್ಣಿನ ಕೊಡ ತುಂಬಿ ಹಿತ್ತಲ ಗಾಳಿಯಲ್ಲಿಡುತ್ತೇನೆ. ನಮ್ಮದು ಒಣ ಹವೆ, ಹೊರಗೆ 38 ಇರುವ ದಿನಗಳಲ್ಲೂ ಬೆಳಿಗ್ಗೆ ಕೊಡದ ನೀರು 27–28ಕ್ಕೆ ನಿಂತಿರುತ್ತದೆ. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಮೂಡಿದ ಚಿತ್ರವನ್ನು ಉಳಿಸುವ ಹೈಪೋ, ತೊಳೆಯುವ ನೀರು ಎಲ್ಲವೂ ಅದೇ ಕೊಡದ್ದು, ಎಲ್ಲವೂ ಒಂದೇ ಟಬ್ಬಿನಲ್ಲಿ. ನನ್ನ ಡಿ-76 ಡೆವಲಪರ್ ನಾನೇ ತೂಗಿದ್ದು: ಮೆಟಾಲ್ 2 ಗ್ರಾಂ, ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2, ಲೀಟರಿಗೆ. ಅದನ್ನು ಒಂದಕ್ಕೊಂದು ನೀರು ಬೆರೆಸಿದರೆ ಎಚ್‌ಪಿ5 ಫಿಲ್ಮಿಗೆ 20 ಡಿಗ್ರಿಯಲ್ಲಿ 13 ನಿಮಿಷ, 28ರಲ್ಲಿ ಆರೂವರೆ. ನೀರು ಬೆರೆಸದೆ ಬಳಸಿದರೆ ನಾಲ್ಕು ನಿಮಿಷಕ್ಕೂ ಕಡಿಮೆಯಾಗಿ ಆಕಾಶದ ಜಾಗದಲ್ಲಿ ಪಟ್ಟೆ ಬೀಳುತ್ತದೆ, ಆ ತಪ್ಪನ್ನೂ ಮಾಡಿದ್ದೇನೆ. ಡೆವಲಪರಿಗೆ ಸೋಡಿಯಂ ಸಲ್ಫೇಟ್ ಸ್ವಲ್ಪ, ಹೈಪೋಗೆ ಪಟಿಕ. ಎಮಲ್ಷನ್ ಉಬ್ಬದಂತೆ ಒಂದು, ಗಟ್ಟಿಯಾಗುವಂತೆ ಇನ್ನೊಂದು. ಇದು ಅಪ್ಪನ ಕಾಲದವರಿಗೆಲ್ಲ ಗೊತ್ತಿದ್ದದ್ದೇ. ಪ್ರಮಾಣ ನಿಮ್ಮ ನೀರಿನ ಮೇಲೆ ಹೋಗುತ್ತದೆ, ನನ್ನದು ಅಪ್ಪನ ಡೈರಿಯಲ್ಲಿದೆ, ಅಲ್ಲಿಯೇ ಇರಲಿ. ನಮ್ಮ ಬೋರ್‌ವೆಲ್ ನೀರು ಗಡಸು. ಕೊನೆಯ ಒಂದು ತೊಳೆತಕ್ಕೆ ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಬಳಸಿದರೆ ಒಣಗಿದ ಮೇಲೆ ಸುಣ್ಣದ ಕಲೆ ಉಳಿಯುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಹೀಗೆ ತೊಳೆದ ಒಂದು ರೋಲನ್ನು ಆ ಹಿರಿಯರ ಮನೆಗೇ ಒಯ್ದೆ. ಕಿಟಕಿಗೆ ಹಿಡಿದು, ಕನ್ನಡಕ ತೆಗೆದು, ಹತ್ತೂ ಫ್ರೇಮನ್ನು ಒಂದೊಂದಾಗಿ ನೋಡಿದರು. ಬೆರಳಿನ ಹಿಂಬದಿಯಿಂದ ಎಮಲ್ಷನ್ ಬದಿಯನ್ನು ಸವರಿದರು. "ಎಲ್ಲೂ ಎದ್ದಿಲ್ಲವಲ್ಲೋ" ಎಂದರು. ಆಮೇಲೆ ಚಹಾ ಬಂತು.

ಮಧ್ಯೆ ಎಕ್ಸ್-ರೇ ಫಿಲ್ಮಿನ ಗೀಳೂ ಹಿಡಿದಿತ್ತು. ಹಾಳೆಗಟ್ಟಲೆ ಅಗ್ಗಕ್ಕೆ ಸಿಗುತ್ತದೆ, ಕೆಂಪು ದೀಪದಲ್ಲಿ ಕತ್ತರಿಸಬಹುದು. ಆರು ಸೆಂ.ಮೀ. ಪಟ್ಟಿ ಮಾಡಿ ಹಳೆಯ 120 ರೋಲಿನ ಕಾಗದಕ್ಕೆ ಅಂಟಿಸಿ ಸುತ್ತಿದೆ. ಎರಡೂ ಬದಿ ಎಮಲ್ಷನ್ ಇರುವುದರಿಂದ ಗೀರು ಬೇಗ ಬೀಳುತ್ತದೆ, ಅಂಚಿನ ಚೂಪೂ ಸ್ವಲ್ಪ ಕಡಿಮೆ. ಕೆಂಪು ಬಣ್ಣ ಅದಕ್ಕೆ ಕಾಣುವುದಿಲ್ಲವಾದ್ದರಿಂದ ತುಟಿ ಕಪ್ಪಾಗಿ, ಮುಖದ ಸುಕ್ಕೆಲ್ಲ ಎದ್ದು ಬರುತ್ತದೆ. ವಧುವಿಗೆ ಆಗದು. ಎಂಬತ್ತು ದಾಟಿದ ಒಬ್ಬ ಭಜನಾ ಮಂಡಳಿಯ ಅಜ್ಜನನ್ನು ಅದರಲ್ಲಿ ತೆಗೆದೆ, ನಮ್ಮ ಮುತ್ತಜ್ಜಂದಿರ ಗಾಜಿನ ಪ್ಲೇಟಿನ ಫೋಟೋಗಳ ಅದೇ ಕಳೆ ಬಂತು. ಅಟ್ಟದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಒಂದು ಕಟ್ಟು ‘ಇಂದು’ ಎಂಬ ಹೆಸರಿನ ಫೋಟೋ ಪ್ರಿಂಟಿನ ಕಾಗದವೂ ಸಿಕ್ಕಿತ್ತು. ಇಷ್ಟು ವರ್ಷ ಹಂಚಿನ ಬಿಸಿಗಿಟ್ಟ ತಪ್ಪು ನಮ್ಮದು, ಬೂದು ಹಿಡಿದಿತ್ತು. ಅದನ್ನು ಟೆಸ್ಟ್ ಸ್ಟ್ರಿಪ್ಪಿಗೂ ಬಳಸದೆ ಹಾಗೆಯೇ ಎತ್ತಿಟ್ಟಿದ್ದೇನೆ, ಲಕೋಟೆಯ ಮೇಲೆ ಅಪ್ಪನ ಕೈಬರಹವಿದೆ.

ಹೊಸದಾಗಿ ಕೊಳ್ಳುವವರಿಗೆ ಎರಡು ಮಾತು. ನನ್ನ ಎರಡು ಬ್ಯಾಕಿನಲ್ಲಿ ಒಂದು ಹಳೆಯ ಪ್ರೊ ಮಾದರಿಯದು. ಫಿಲ್ಮ್ ಮುಂದೆ ಹೋಗದಿದ್ದರೂ ಷಟರ್ ಬೀಳುವುದನ್ನು ಅದು ತಡೆಯುವುದಿಲ್ಲ. ಒಂದು ನಾಮಕರಣದ ಮನೆಯಲ್ಲಿ ಒಂದೇ ಫ್ರೇಮಿಗೆ ಎರಡು ಚಿತ್ರ ಬಿದ್ದು ಮಗುವಿನ ಮೇಲೆ ಸೋದರಮಾವ ಬಂದು ಕೂತ. ದುಡ್ಡು ಹೋದರೂ ಚಿಂತೆಯಿಲ್ಲ, ಆ ಗಳಿಗೆ ಮತ್ತೆ ಬಾರದು, ಅದು ಇವತ್ತಿಗೂ ನೋಯುತ್ತದೆ. ಕೊಳ್ಳುವುದಾದರೆ ಪ್ರೊ-ಎಸ್ ಬ್ಯಾಕನ್ನೇ ಕೇಳಿ. ಇನ್ನೊಂದು, ಮುಖ ತುಂಬಿಸಿ ತೆಗೆಯುವಾಗ ಬೆಲೋಸ್ 35 ಮಿ.ಮೀ.ಯಷ್ಟು ಮುಂದೆ ಬಂದಿರುತ್ತದೆ. 127ರಲ್ಲಿ ಅದಕ್ಕೆ ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಹೆಚ್ಚು ಬೆಳಕು ಕೊಡಬೇಕು. ಬೆಳಕು ಅಳೆಯುವ ಕೈಮೀಟರಿಗೆ ಬೆಲೋಸಿನ ಸುದ್ದಿ ತಿಳಿಯದು. ನನ್ನ ಮೊದಲ ಎರಡು ರೋಲಿನ ಮುಖಗಳೆಲ್ಲ ಬೆಳಕು ಸಾಲದೆ ನೆಗೆಟಿವಿನಲ್ಲಿ ತೆಳ್ಳಗಾದದ್ದು ಇದರಿಂದಲೇ.

ಜನ ಇದರ ಮುಂದೆ ಕೂರುವ ಬಗೆಯೇ ಬೇರೆ. ಡಿಜಿಟಲ್ ಹಿಡಿದರೆ ನನ್ನ ಮುಖ ಕ್ಯಾಮೆರಾದ ಹಿಂದೆ ಮುಚ್ಚಿಹೋಗುತ್ತದೆ. ಇಲ್ಲಿ ನಾನು ತಲೆ ಬಾಗಿಸಿ ಮೇಲಿನಿಂದ ಗಾಜಿನೊಳಗೆ ನೋಡುತ್ತೇನೆ, ಆಮೇಲೆ ತಲೆ ಎತ್ತಿ ಅವರ ಕಣ್ಣನ್ನೇ ನೋಡಿ ಮಾತಾಡುತ್ತ ಒತ್ತುತ್ತೇನೆ. ಗಾಜಿನಲ್ಲಿ ಎಡ ಬಲವಾಗಿ ಕಾಣುವುದಕ್ಕೆ ಒಗ್ಗಲು ಹದಿನೈದು ದಿನ ಸಾಕು. ಮೊನ್ನೆ ಹರಿಹರದಿಂದ ಬಂದ ತಾಯಿಯೊಬ್ಬರು, "ಫೋಟೋ ಬರಲಿ ಬಿಡಲಿ, ನೀವು ನಮಗೆ ತಲೆ ಬಾಗಿಸಿದಿರಲ್ಲಪ್ಪಾ" ಎಂದರು. ಅವರ ನೆಗೆಟಿವಿನಲ್ಲಿ ಮೂಗುತಿಯ ಹರಳೊಳಗೆ ನನ್ನ ಅಂಗಡಿಯ ಕಿಟಕಿ, ಅದರ ನಾಲ್ಕು ಸರಳು ಎಣಿಸುವಷ್ಟು ಸ್ಪಷ್ಟವಾಗಿವೆ.

180 ಲೆನ್ಸಿನ ಷಟರು ಇನ್ನೂ ಅರ್ಧ ಸೆಕೆಂಡಿನಲ್ಲಿ ತೊದಲುತ್ತಿದೆ. ಈ ಶುಕ್ರವಾರ ನಮಾಜು ಮುಗಿದ ಮೇಲೆ ಬಾ ಎಂದು ಚಾಚಾ ಹೇಳಿದ್ದಾರೆ. ಮುಂದಿನ ಗಾಜಿನ ಉಂಗುರ ಬಿಚ್ಚಲು ಬೇಕಾದ ರಬ್ಬರ್ ಬುಡವನ್ನು ಪೈಪಿನ ವಾಷರಿನಿಂದ ಮಾಡಿಟ್ಟುಕೊಂಡಿದ್ದೇನೆ.